ಆಳಗಡಲ ಹಕ್ಕಿ ನೋಡಲು ಯಾವ ದೋಣಿ ಹತ್ತಬೇಕು?

ಕಡಲಹಕ್ಕಿ ನೋಡಲು ದೋಣಿಯಲ್ಲಿ ಹೋಗಬೇಕೆಂದು ಆಸೆಪಟ್ಟವರ ಮುಂದೆ ಹತ್ತಾರು ಆಯ್ಕೆಗಳು ಬಂದು ನಿಲ್ಲುತ್ತವೆ. ಅರ್ಧ ದಿನದ ಸವಾರಿ, ಇಡೀ ದಿನದ್ದು, ರಾತ್ರಿಯೂ ಕಡಲಲ್ಲೇ ಉಳಿಯುವಂಥದ್ದು, ತಿಮಿಂಗಿಲ ತೋರಿಸುವ ದೋಣಿ, ಊರಿಂದೂರಿಗೆ ಹೋಗುವ ದೊಡ್ಡ ಫೆರಿ, ಮೀನುಗಾರರ ಬಾಡಿಗೆ ದೋಣಿ. ಇವುಗಳಲ್ಲಿ ಆರಿಸುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ಈ ದೋಣಿ ಆಳ ನೀರಿನ ಮೇಲೆ ಎಷ್ಟು ಹೊತ್ತು ಇರುತ್ತದೆ? ದೋಣಿಯ ಗಾತ್ರ, ಆಸನದ ಸುಖ, ಒಟ್ಟು ಗಂಟೆ ಎಲ್ಲವೂ ಆಮೇಲಿನ ಮಾತು.

ಇದಕ್ಕೆ ಕಾರಣ ಹಕ್ಕಿಗಳ ಊಟ. ದಡದಿಂದ ಖಂಡಾವರಣ, ಅಂದರೆ ದಡಕ್ಕೆ ಅಂಟಿಕೊಂಡ ಕಡಲಡಿಯ ನೆಲ, ನಿಧಾನವಾಗಿ ಇಳಿಯುತ್ತ ಹೋಗಿ, ಸುಮಾರು 200 ಮೀಟರ್ ಆಳದ ಹತ್ತಿರ ಥಟ್ಟನೆ ಕಡಿದಾಗಿ ಕೆಳಗಿಳಿಯುತ್ತದೆ. ಆ ಅಂಚಿನಲ್ಲಿ ಪ್ರವಾಹಗಳು ತಿರುವಿಕೊಂಡು ಅಡಿಯ ತಣ್ಣೀರನ್ನು ಮೇಲಕ್ಕೆ ತರುತ್ತವೆ. ನೀರಿನೊಂದಿಗೆ ಪೋಷಕಾಂಶ, ಅದರ ಬೆನ್ನಿಗೆ ಸೂಕ್ಷ್ಮ ಸಸ್ಯಗಳು, ಅವನ್ನು ಮೇಯುವ ಸಿಗಡಿಯಂಥ ಜೀವಿಗಳು, ಮೀನು, ಸ್ಕ್ವಿಡ್. ಆಲ್ಬಟ್ರಾಸ್, ಶಿಯರ್‌ವಾಟರ್, ಪೆಟ್ರೆಲ್, ಸ್ಟಾರ್ಮ್ ಪೆಟ್ರೆಲ್‌ಗಳು ಒಂದೇ ಗಣಕ್ಕೆ ಸೇರಿದವು. ಕೊಕ್ಕಿನ ಮೇಲೆ ಕೊಳವೆಯಂಥ ಮೂಗಿರುವ ಈ ಹಕ್ಕಿಗಳಿಗೆ ವಾಸನೆ ಹಿಡಿಯುವ ಶಕ್ತಿ ಅಸಾಧಾರಣ. ಸೂಕ್ಷ್ಮ ಸಸ್ಯಗಳನ್ನು ಪುಟ್ಟ ಜೀವಿಗಳು ತಿನ್ನುವಾಗ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲ ಹೊಮ್ಮುತ್ತದೆ. ಇವುಗಳಲ್ಲಿ ಹಲವು ಪ್ರಭೇದಗಳು ಆ ವಾಸನೆಯ ಜಾಡು ಹಿಡಿದೇ ಊಟದ ಜಾಗ ತಲುಪುತ್ತವೆ. ದಡದ ಹತ್ತಿರದ ನೀರಿನಲ್ಲಿ ಕಡಲಕಾಗೆ, ಟರ್ನ್, ನೀರುಕಾಗೆಗಳನ್ನು ಎಷ್ಟಾದರೂ ನೋಡಬಹುದು. ಈ ಕೊಳವೆ ಮೂಗಿನವರನ್ನು ಕಾಣಲು ಅವರ ಊಟದ ಜಾಗಕ್ಕೇ ಹೋಗಬೇಕು.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಖಂಡಾವರಣದ ಅಂಚು ಬಂದರಿನಿಂದ 30 ನಾಟಿಕಲ್ ಮೈಲಿ, ಅಂದರೆ ಸುಮಾರು 55 ಕಿಲೋಮೀಟರ್ ದೂರದಲ್ಲಿದೆ ಎನ್ನಿ. ಗಂಟೆಗೆ 10 ನಾಟಿಕಲ್ ಮೈಲಿ ಸಾಗುವ ದೋಣಿಗೆ ಹೋಗಲು 3 ಗಂಟೆ, ಬರಲು 3 ಗಂಟೆ. 8 ಗಂಟೆಯ ಪ್ರವಾಸದಲ್ಲಿ ಆಳ ನೀರಿಗೆ ಉಳಿಯುವುದು 2 ಗಂಟೆ ಮಾತ್ರ. 20ರ ವೇಗದ ದೋಣಿಯಾದರೆ ಅದೇ 8 ಗಂಟೆಯಲ್ಲಿ 5 ಗಂಟೆ ಉಳಿಯುತ್ತದೆ. ಜಾಹೀರಾತಿನಲ್ಲಿ ಎರಡೂ 'ಇಡೀ ದಿನದ ಕಡಲಯಾನ'ಗಳೇ. ಇನ್ನು ಅದೇ ಜಾಗದಲ್ಲಿ 4 ಗಂಟೆಯ ಪ್ರವಾಸವೆಂದರೆ, ನಿಧಾನದ ದೋಣಿ ಅಂಚನ್ನು ಮುಟ್ಟುವುದೇ ಇಲ್ಲ. ಬಂದರಿನಿಂದ ಅಂಚಿಗೆ ಎಷ್ಟು ದೂರ, ದೋಣಿಯ ವೇಗ ಎಷ್ಟು ಎಂದು ಕೇಳಿ ಈ ಲೆಕ್ಕವನ್ನು ನೀವೇ ಮಾಡಿಕೊಳ್ಳಿ. ನಕಾಶೆಯಲ್ಲಿ ಆಳದ ಗೆರೆಗಳನ್ನು ನೋಡಿದರೂ ಉತ್ತರ ಸಿಗುತ್ತದೆ.

ಅರ್ಧ ದಿನವೋ, ಇಡೀ ದಿನವೋ

ಅರ್ಧ ದಿನದ ಪ್ರವಾಸ ಎಲ್ಲೆಡೆಯೂ ದಂಡ ಎಂದಲ್ಲ. ಆಳ ನೀರು ದಡಕ್ಕೇ ಹತ್ತಿರ ಬಂದಿರುವ ಕೆಲವು ಭಾಗ್ಯವಂತ ಜಾಗಗಳಿವೆ. ನ್ಯೂಜಿಲೆಂಡಿನ ಕೈಕೌರಾದಲ್ಲಿ ಸಾವಿರ ಮೀಟರಿಗೂ ಮಿಕ್ಕಿದ ಆಳಕ್ಕಿಳಿಯುವ ಕಡಲಡಿಯ ಕಣಿವೆಯೊಂದು ತೀರದ ತೀರಾ ಸಮೀಪಕ್ಕೆ ಬರುತ್ತದೆ. ಅಲ್ಲಿ ಎರಡು ಮೂರು ಗಂಟೆಯ ಸವಾರಿಯಲ್ಲೇ ಆಲ್ಬಟ್ರಾಸ್‌ಗಳು ದೋಣಿಯ ಪಕ್ಕದಲ್ಲಿ ಬಂದು ಕೂರುತ್ತವೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಕಣಿವೆಯೂ ದಡದ ಬುಡದಿಂದಲೇ ಶುರುವಾಗುತ್ತದೆ. ಇಂಥ ಕಡೆ ಅರ್ಧ ದಿನದ ದೋಣಿಯನ್ನು ಧೈರ್ಯವಾಗಿ ಹತ್ತಿ.

ಆದರೆ ಅಮೆರಿಕದ ಉತ್ತರ ಕೆರೊಲಿನಾದ ಹ್ಯಾಟೆರಸ್‌ನಲ್ಲಿ ಗಲ್ಫ್ ಸ್ಟ್ರೀಮ್ ಎಂಬ ಕಡಲ ಪ್ರವಾಹದ ಬೆಚ್ಚಗಿನ ನೀರನ್ನು ತಲುಪಬೇಕು, ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಿಂದ ಹೊರಟರೆ ಟ್ರಾಲರ್‌ಗಳು ಬಲೆ ಎಳೆಯುವ ಆಳ ನೀರಿನವರೆಗೂ ಹೋಗಬೇಕು. ಅಲ್ಲಿ ಇಡೀ ದಿನ ಮೀಸಲಿಡದೆ ಬೇರೆ ದಾರಿ ಇಲ್ಲ. ಕೇಪ್ ಟೌನ್ ಕಡೆಯಲ್ಲಿ ಟ್ರಾಲರೊಂದು ಬಲೆ ಮೇಲೆತ್ತುವ ಹೊತ್ತಿಗೆ ಸರಿಯಾಗಿ ತಲುಪಿದರೆ, ಅದರ ಬೆನ್ನಿಗೆ ಸಾವಿರಗಟ್ಟಲೆ ಹಕ್ಕಿಗಳು ಮುಗಿಬಿದ್ದಿರುವುದನ್ನು ನೋಡಬಹುದು. ಹೀಗೆ ನೋಡಲು ಸಿಗುವ ಜಾಗ ಲೋಕದಲ್ಲಿ ಹೆಚ್ಚಿಲ್ಲ.

ಒಂದು ದೀರ್ಘ ಪ್ರವಾಸವೋ, ಬೇರೆ ಬೇರೆ ದಿನ ಎರಡು ಚಿಕ್ಕ ಪ್ರವಾಸವೋ ಎಂಬ ಗೊಂದಲವಿದ್ದಾಗ, ಆಳ ನೀರು ಹತ್ತಿರವಿದ್ದರೆ ನನ್ನ ಮತ ಎರಡು ಚಿಕ್ಕದಕ್ಕೆ. ಕಡಲು ದಿನದಿಂದ ದಿನಕ್ಕೆ ಬೇರೆಯಾಗುತ್ತದೆ. ನಿನ್ನೆ ಖಾಲಿಯಿದ್ದ ನೀರಿನಲ್ಲಿ ಇಂದು ಶಿಯರ್‌ವಾಟರ್‌ಗಳ ಹಿಂಡೇ ಇರಬಹುದು. ಆಳ ನೀರು ದೂರವಿದ್ದರೆ ಎರಡು ಚಿಕ್ಕ ಪ್ರವಾಸಗಳನ್ನು ಸೇರಿಸಿದರೂ ಒಂದು ದೀರ್ಘ ಪ್ರವಾಸಕ್ಕೆ ಸಮವಾಗುವುದಿಲ್ಲ.

ಯಾರ ದೋಣಿ

ಹಕ್ಕಿಗಳಿಗೆಂದೇ ಹೊರಡುವ ಪ್ರವಾಸಕ್ಕೆ ಪೆಲಾಜಿಕ್ ಟ್ರಿಪ್ ಎನ್ನುತ್ತಾರೆ. ಅದರಲ್ಲಿ ಹಕ್ಕಿ ಬಲ್ಲ ಮಾರ್ಗದರ್ಶಕರಿರುತ್ತಾರೆ, ಹಕ್ಕಿ ಕಂಡರೆ ದೋಣಿ ನಿಲ್ಲುತ್ತದೆ, ತಿರುಗುತ್ತದೆ, ಬೆಳಕು ನಮ್ಮ ಬೆನ್ನಿಗೆ ಬರುವಂತೆ ಸುತ್ತು ಹೊಡೆಯುತ್ತದೆ. ಹತ್ತಿರ ಬಂದ ಪೆಟ್ರೆಲ್ ಒಂದು ಅರೆ ನಿಮಿಷದಲ್ಲಿ ಮರೆಯಾಗುತ್ತದೆ. ಆಗ 'ಎರಡು ಗಂಟೆಯ ದಿಕ್ಕಿಗೆ, ದಿಗಂತದ ಕೆಳಗೆ, ಬಲಕ್ಕೆ ಹೋಗ್ತಿದೆ' ಎಂದು ಕೂಗಿ ಹೇಳುವ ಒಬ್ಬರು ಇದ್ದರೆ ಸಿಗುವ ಲಾಭ ಬೇರಾವ ಸಲಕರಣೆಯಿಂದಲೂ ಸಿಗದು. ದೋಣಿಯ ಮುಂತುದಿ 12 ಗಂಟೆ, ಹಿಂತುದಿ 6, ಬಲಮಗ್ಗುಲು 3, ಎಡಮಗ್ಗುಲು 9. ಎಲ್ಲ ಕಡೆಯೂ ಇದೇ ಪದ್ಧತಿ. ಹತ್ತುವ ಮೊದಲೇ ಮನಸ್ಸಿನಲ್ಲಿ ಕೂರಿಸಿಕೊಳ್ಳಿ.

ತಿಮಿಂಗಿಲದ ದೋಣಿಗಳ ಬಗ್ಗೆ ಹಕ್ಕಿಯವರಲ್ಲಿ ಒಂದು ತಾತ್ಸಾರವಿದೆ. ಅದು ಸರಿಯಲ್ಲ ಎಂದು ನನಗನಿಸುತ್ತದೆ. ತಿಮಿಂಗಿಲಗಳೂ ಹಕ್ಕಿಗಳೂ ಒಂದೇ ಊಟದ ಹಿಂದೆ ಬರುವುದರಿಂದ ತಿಮಿಂಗಿಲ ಇರುವಲ್ಲಿ ಶಿಯರ್‌ವಾಟರ್‌ಗಳ ಗುಂಪು ಇರುವುದು ಸಾಮಾನ್ಯ. ಇಂಥ ದೋಣಿಗಳು ಹೆಚ್ಚು ಸಲ ಹೊರಡುತ್ತವೆ, ಜಾಗ ಸುಲಭವಾಗಿ ಸಿಗುತ್ತದೆ, ಹಕ್ಕಿಯಲ್ಲಿ ಆಸಕ್ತಿಯಿಲ್ಲದ ಮನೆಯವರನ್ನೂ ಕರೆದುಕೊಂಡು ಹೋಗಬಹುದು. ಕೊರತೆಯೂ ಸ್ಪಷ್ಟವಿದೆ: ಹಕ್ಕಿಗಾಗಿ ದೋಣಿ ನಿಲ್ಲುವುದಿಲ್ಲ. ದಡದ ಹತ್ತಿರವೇ ತಿಮಿಂಗಿಲ ಕಂಡುಬಿಟ್ಟರೆ ಅಂಚಿನವರೆಗೆ ಹೋಗುವುದೂ ಇಲ್ಲ. ಮೊದಲ ಸಲ ಕಡಲಿಗಿಳಿಯುವವರಿಗೆ, ತಮ್ಮ ಹೊಟ್ಟೆ ಅಲೆಗಳನ್ನು ತಾಳುತ್ತದೋ ಇಲ್ಲವೋ ಗೊತ್ತಿಲ್ಲದವರಿಗೆ ಇದನ್ನೇ ಸೂಚಿಸುತ್ತೇನೆ.

ದೊಡ್ಡ ಫೆರಿ ಇನ್ನೊಂದು ಬಗೆ. ಇಂಗ್ಲೆಂಡಿನ ದಕ್ಷಿಣ ತೀರದಿಂದ ಸ್ಪೇನಿನ ಸಾಂತಾಂದೆರ್‌ಗೆ ಹೋಗುವ ಹಡಗು ಬಿಸ್ಕೇ ಕೊಲ್ಲಿಯಲ್ಲಿ 4000 ಮೀಟರಿಗೂ ಹೆಚ್ಚು ಆಳದ ನೀರಿನ ಮೇಲೆ ಸಾಗುತ್ತದೆ. ಹಕ್ಕಿ ಮತ್ತು ತಿಮಿಂಗಿಲ ನೋಡುವವರು ಅದನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. ತೂಗಾಟ ಕಡಿಮೆ, ಕಣ್ಣಳತೆ ದೊಡ್ಡದು. ಆದರೆ ಎತ್ತರದ ಡೆಕ್ಕಿನಿಂದ ಹಕ್ಕಿಯ ಬೆನ್ನಷ್ಟೇ ಕಾಣುತ್ತದೆ. ಹಡಗು ಯಾರಿಗೂ ಕಾಯುವುದಿಲ್ಲ. ಮೂರೂವರೆ ಮೀಟರ್ ರೆಕ್ಕೆಯಗಲದ ಅಲೆಮಾರಿ ಆಲ್ಬಟ್ರಾಸನ್ನು ಅಂಥ ಎತ್ತರದಿಂದಲೂ ಗುರುತಿಸಬಹುದು. ನಲವತ್ತು ಗ್ರಾಂ ಆಸುಪಾಸಿನ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಅಲ್ಲಿಂದ ಒಂದು ಕಪ್ಪು ಚುಕ್ಕೆ. ಅದು ಕಾಲನ್ನು ನೀರಿಗೆ ತಾಗಿಸುತ್ತ ಅಲೆಯ ಮೇಲೆ ಕುಣಿಯುವುದನ್ನು ಕಾಣಲು ನೀರಿಗೆ ಹತ್ತಿರದ ಡೆಕ್ಕೇ ಬೇಕು. ಫೆರಿ ಹತ್ತುವ ಮೊದಲು ಮುಂಭಾಗದ ತೆರೆದ ಡೆಕ್ಕಿಗೆ ಪ್ರಯಾಣಿಕರನ್ನು ಬಿಡುತ್ತಾರೆಯೇ ಎಂದು ಕೇಳಿ. ಕಿಟಕಿ ಗಾಜಿನ ಹಿಂದೆ ಕುಳಿತು ಪೆಟ್ರೆಲ್ ಗುರುತಿಸಲು ಹೋದರೆ ನಿರಾಸೆಯೇ ಗತಿ.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ಗಾಳಿ ತುಂಬಿದ ರಬ್ಬರ್ ಅಂಚಿನ ವೇಗದ ದೋಣಿ. ಮಡೇರಾ ದ್ವೀಪದಲ್ಲಿ ಅಪರೂಪದ ಜೀನೋಸ್ ಪೆಟ್ರೆಲ್ ನೋಡಲು ಇಂಥ ದೋಣಿಗಳಲ್ಲೇ ಹೋಗುತ್ತಾರೆ. ಕಣ್ಣು ನೀರಿನ ಮಟ್ಟದಲ್ಲಿರುವುದರಿಂದ ಹಕ್ಕಿ ಆಕಾಶದ ಎದುರಿಗೆ ಸ್ಪಷ್ಟವಾಗಿ ಕಾಣುತ್ತದೆ, ಫೋಟೊಗಳು ಅದ್ಭುತವಾಗಿ ಬರುತ್ತವೆ. ಆದರೆ ಪ್ರತಿ ಅಲೆಯ ಪೆಟ್ಟೂ ನೇರ ಬೆನ್ನುಮೂಳೆಗೆ. ಬೆನ್ನುನೋವು, ಕತ್ತುನೋವು ಇರುವವರು, ಗರ್ಭಿಣಿಯರು ಇದನ್ನು ಹತ್ತಲೇಬಾರದು. ಶೌಚಾಲಯ, ನೆರಳು ಎರಡೂ ಇರುವುದಿಲ್ಲ.

ನಾಲ್ಕಾರು ಜನ ಸೇರಿ ಮೀನುಗಾರರ ದೋಣಿಯನ್ನು ಬಾಡಿಗೆಗೆ ಹಿಡಿಯುವುದೂ ಉಂಟು. ಮೀನು ಎಲ್ಲಿದೆ ಎಂಬುದು ಅವರಷ್ಟು ಇನ್ನಾರಿಗೂ ಗೊತ್ತಿಲ್ಲ, ಮೀನಿರುವಲ್ಲಿ ಹಕ್ಕಿ ಇದ್ದೇ ಇರುತ್ತದೆ. ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ, ರೇಡಿಯೊ ಕೆಲಸ ಮಾಡುತ್ತದೆಯೇ, ಪ್ರಯಾಣಿಕರನ್ನು ಒಯ್ಯಲು ಅನುಮತಿ ಇದೆಯೇ ಎಂಬ ಮೂರನ್ನು ಕಣ್ಣಾರೆ ನೋಡದೆ ಹತ್ತಬೇಡಿ. ಒಂದು ಇಲ್ಲದಿದ್ದರೂ ವಾಪಸ್ ಬನ್ನಿ.

ಹಲವು ದಿನಗಳ ಹಡಗು ಯಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಜೆಂಟೀನಾದ ಉಷುವಾಯಾದಿಂದ ದಕ್ಷಿಣ ಜಾರ್ಜಿಯಾ, ಅಂಟಾರ್ಕ್ಟಿಕಾ ಕಡೆಗೆ ಹೋಗುವ ಹಡಗುಗಳಲ್ಲಿ ದಿನವಿಡೀ ಆಲ್ಬಟ್ರಾಸ್‌ಗಳು ಹಿಂಬಾಲಿಸುತ್ತವೆ. ಕಾಲ, ಹಣ ಎರಡೂ ಇದ್ದವರಿಗೆ ಅದಕ್ಕಿಂತ ದೊಡ್ಡ ಅನುಭವವಿಲ್ಲ. ಅಲ್ಲಿ ಹೋದವರು ಕತ್ತಲಾಗುತ್ತಲೇ ಕೋಣೆಯ ಪರದೆ ಎಳೆಯಬೇಕು. ಬೆಳಕಿಗೆ ಮರುಳಾದ ಪೆಟ್ರೆಲ್‌ಗಳು, ಪ್ರಿಯಾನ್ ಎಂಬ ಅವುಗಳ ಪುಟ್ಟ ಬಂಧುಗಳು ಹಡಗಿಗೆ ಬಡಿದು ಡೆಕ್ಕಿನ ಮೇಲೆ ಬೀಳುತ್ತವೆ. ನಾವು ನೋಡಲು ಹೋದ ಹಕ್ಕಿ ನಮ್ಮ ದೀಪಕ್ಕೇ ಬಲಿಯಾಗಬಾರದು.

ವಾಸನೆಯ ಆಮಿಷ ಇರಬೇಕೋ ಬೇಡವೋ

ಹಲವು ಪೆಲಾಜಿಕ್ ದೋಣಿಗಳು ಮೀನಿನ ಎಣ್ಣೆ, ಮೀನಿನ ಕರುಳು, ಈಲಿ, ತುಂಡುಗಳನ್ನು ನೀರಿಗೆ ಚೆಲ್ಲುತ್ತವೆ. ಇದನ್ನು ಚಮ್ ಎನ್ನುತ್ತಾರೆ. ಕೆಲವರು ಹೆಪ್ಪುಗಟ್ಟಿಸಿದ ಗಟ್ಟಿಯನ್ನು ಬಲೆಚೀಲದಲ್ಲಿ ಕಟ್ಟಿ ಹಿಂಬದಿಯಲ್ಲಿ ಇಳಿಬಿಡುತ್ತಾರೆ. ಅದು ಕರಗುತ್ತ ಹೋದಂತೆ ಎಣ್ಣೆಯ ನಯವಾದ ಪಟ್ಟಿ ಗಾಳಿಯ ದಿಕ್ಕಿಗೆ ಹರಡುತ್ತದೆ. ಹಕ್ಕಿಗಳು ಗಾಳಿ ಬೀಸಿ ಹೋಗುವ ಕಡೆಯಿಂದ, ವಾಸನೆಗೆ ಎದುರಾಗಿ ಓರೆಕೋರೆಯಾಗಿ ಹಾರುತ್ತ ಬರುತ್ತವೆ. ಹಾಗಾಗಿ ದೋಣಿ ನಿಂತಾಗ ಎಲ್ಲರೂ ನೋಡಬೇಕಾದ್ದು ಆ ಎಣ್ಣೆಪಟ್ಟಿಯ ತುದಿಯನ್ನು. ಅರ್ಧ ಗಂಟೆ ಏನೂ ಬಾರದೆ ಬೇಸರವಾಗುವ ಹೊತ್ತಿಗೇ ಮೊದಲ ಸ್ಟಾರ್ಮ್ ಪೆಟ್ರೆಲ್ ಕಾಣಿಸಿಕೊಳ್ಳುವುದು ಹೊಸತಲ್ಲ.

ತಂಪು ಕಡಲಿನಲ್ಲಿ, ಪೆಟ್ರೆಲ್ ಮತ್ತು ಆಲ್ಬಟ್ರಾಸ್‌ಗಳ ನಾಡಿನಲ್ಲಿ ಚಮ್ ಹಾಕುವ ದೋಣಿಯನ್ನೇ ಆರಿಸಿ. ಉಷ್ಣವಲಯದ ಕಡಲಿನಲ್ಲಿ ಮಾತ್ರ ನನ್ನ ಆಯ್ಕೆ ಬೇರೆ. ಅಲ್ಲಿನ ಬೂಬಿ, ಟ್ರಾಪಿಕ್ ಹಕ್ಕಿ, ನಾಡ್ಡಿ ಎಂಬ ಟರ್ನ್ ಬಳಗದ ಹಕ್ಕಿ, ಕಪ್ಪು ಬೆನ್ನಿನ ಟರ್ನ್‌ಗಳು ಬೇಟೆಗೆ ಕಣ್ಣನ್ನೇ ನಂಬಿದ ಹಕ್ಕಿಗಳು. ಕೆಳಗಿನಿಂದ ಟ್ಯೂನಾ ಮೀನುಗಳು ಚಿಕ್ಕ ಮೀನನ್ನು ಮೇಲಕ್ಕಟ್ಟುವ ಜಾಗ ಹುಡುಕಿ ಮುಗಿಬೀಳುತ್ತವೆ. ಎಣ್ಣೆಯ ವಾಸನೆಗೆ ಇವು ಕ್ಯಾರೇ ಅನ್ನುವುದಿಲ್ಲ. ಆದ್ದರಿಂದ ಒಂದೆಡೆ ನಿಂತು ಕಾಯುವ ದೋಣಿಗಿಂತ, ದೂರದ ಹಕ್ಕಿಗುಂಪು ಕಂಡೊಡನೆ ಅತ್ತ ಧಾವಿಸುವ ವೇಗದ ದೋಣಿ ಅಲ್ಲಿ ಮೇಲು. ಕೆಲವು ಸಂರಕ್ಷಿತ ಕಡಲು ಪ್ರದೇಶಗಳಲ್ಲಿ ಚಮ್ ಹಾಕುವುದಕ್ಕೆ ನಿರ್ಬಂಧವಿದೆ. ಅದನ್ನು ಪಾಲಿಸುವವರ ದೋಣಿಯನ್ನೇ ಹತ್ತಿ.

ಯಾವ ದಿನ, ಎಂಥ ಗಾಳಿ

ಕನ್ನಡಿಯಂಥ ಶಾಂತ ಕಡಲು ಹೊಟ್ಟೆಗೆ ಹಿತ, ಕಣ್ಣಿಗೆ ನಷ್ಟ. ಆಲ್ಬಟ್ರಾಸ್ ಮತ್ತು ದೊಡ್ಡ ಪೆಟ್ರೆಲ್‌ಗಳು ಅಲೆಗಳ ಮೇಲಿನ ಗಾಳಿಯ ವೇಗದ ವ್ಯತ್ಯಾಸವನ್ನು ಬಳಸಿಕೊಂಡು ರೆಕ್ಕೆ ಬಡಿಯದೆ ಹಾರುತ್ತವೆ. ಗಾಳಿ ಸತ್ತ ದಿನ ನೀರಿನ ಮೇಲೆ ಸುಮ್ಮನೆ ಕುಳಿತಿರುತ್ತವೆ. ಗಂಟೆಗೆ 10ರಿಂದ 16 ನಾಟಿಕಲ್ ಮೈಲಿ ವೇಗದ ಗಾಳಿ ಹಕ್ಕಿಗೂ ನಮಗೂ ಹೊಂದುವಂಥದ್ದು. 20 ದಾಟಿದರೆ ಚಿಕ್ಕ ದೋಣಿಯಲ್ಲಿ ಬೈನಾಕ್ಯುಲರ್ ಎತ್ತುವುದೇ ಕಷ್ಟ, ಒಂದು ಕೈ ಸದಾ ಕಂಬಿಯ ಮೇಲಿರಬೇಕಾಗುತ್ತದೆ.

ಋತುವನ್ನು ಆರಿಸುವಾಗ ಆ ಕಡಲಿಗೆ ಯಾವ ಹಕ್ಕಿ ಯಾವಾಗ ಬರುತ್ತದೆ ಎಂಬುದು ಮುಖ್ಯ. ಸೂಟಿ ಶಿಯರ್‌ವಾಟರ್ ನ್ಯೂಜಿಲೆಂಡಿನಲ್ಲಿ ಮರಿಮಾಡಿ, ಉತ್ತರ ಪೆಸಿಫಿಕ್‌ಗೆ ಹೋಗಿ ಮತ್ತೆ ಮರಳುತ್ತದೆ. ಕಾಲಿಗೆ ಕಟ್ಟಿದ ಉಪಕರಣಗಳ ದಾಖಲೆಯಂತೆ ವರ್ಷಕ್ಕೆ ಸುಮಾರು 64,000 ಕಿಲೋಮೀಟರಿನ ಸುತ್ತು ಅದು. ಆ ಹಕ್ಕಿ ನಿಮ್ಮ ದೋಣಿಯ ಕಡಲಿನಲ್ಲಿ ಇರುವ ತಿಂಗಳಿನಲ್ಲಿ ಹೋದರೆ ಹಿಂಡು ಹಿಂಡಾಗಿ ಕಾಣುತ್ತದೆ, ತಪ್ಪಿದರೆ ಅರ್ಧ ಭೂಗೋಳದಷ್ಟು ದೂರ. ಹಿಂದಿನ ವರ್ಷಗಳ ಪ್ರವಾಸಗಳಲ್ಲಿ ಏನೇನು ಕಂಡಿತ್ತು ಎಂಬ ಪಟ್ಟಿಯನ್ನು ಒಳ್ಳೆಯ ಆಯೋಜಕರು ಇಟ್ಟಿರುತ್ತಾರೆ. ಕೇಳಿ ತರಿಸಿಕೊಳ್ಳಿ. ಚೆನ್ನಾಗಿದ್ದ ದಿನದ ಪಟ್ಟಿಯನ್ನಷ್ಟೇ ತೋರಿಸುವವರಿಗಿಂತ ಖಾಲಿ ದಿನದ್ದನ್ನೂ ಕೊಡುವವರನ್ನು ನಾನು ಹೆಚ್ಚು ನಂಬುತ್ತೇನೆ.

ಹೊಟ್ಟೆ ತೊಳಸುವುದರ ಬಗ್ಗೆ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಳಕಿವಿ ದೇಹ ಅಲುಗುತ್ತಿದೆ ಎನ್ನುತ್ತದೆ, ಕಣ್ಣು ನೋಡುತ್ತಿರುವ ಡೆಕ್ಕು ನಿಂತೇ ಇದೆ ಎನ್ನುತ್ತದೆ. ಈ ಎರಡು ಸುದ್ದಿ ತಾಳೆಯಾಗದಿರುವುದೇ ತೊಂದರೆಯ ಮೂಲ. ದಿಗಂತ ನೋಡುತ್ತಿದ್ದರೆ ಎರಡೂ ಹೊಂದಿಕೊಳ್ಳುತ್ತವೆ. ಮೊಬೈಲು, ಕ್ಯಾಮೆರಾದ ಪರದೆ, ಪುಸ್ತಕ ನೋಡಿದರೆ ಕೆಡುತ್ತದೆ. ಪಕ್ಷಿ ಪುಸ್ತಕವನ್ನು ಹಿಂದಿನ ರಾತ್ರಿಯೇ ಓದಿ ಮುಗಿಸಿ.

ಮಾತ್ರೆಗಳಲ್ಲಿ ಸಿನ್ನರಿಜಿನ್, ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್ ಎಂಬವು ಬಳಕೆಯಲ್ಲಿವೆ. ಎಲ್ಲವೂ ಸ್ವಲ್ಪ ನಿದ್ದೆ ತರಿಸುತ್ತವೆ, ಯಾವುದು ಎಷ್ಟು ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಆದ್ದರಿಂದ ಪ್ರವಾಸದ ಮೊದಲೇ ಮನೆಯಲ್ಲಿ ಬಿಡುವಿದ್ದ ದಿನ ಒಮ್ಮೆ ನುಂಗಿ ನೋಡುವುದು ಜಾಣತನ. ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮೈನ್ ಪಟ್ಟಿ ಮೂರು ದಿನದವರೆಗೆ ಕೆಲಸ ಮಾಡುವುದರಿಂದ ದೀರ್ಘ ಯಾನಕ್ಕೆ ಸೂಕ್ತ. ಹೊರಡುವ ನಾಲ್ಕು ಗಂಟೆ ಮೊದಲಾದರೂ ಅಂಟಿಸಿರಬೇಕು. ಬಾಯಿ ಒಣಗುವುದು, ಹತ್ತಿರದ್ದು ಮಸುಕಾಗುವುದು ಅದರ ಅಡ್ಡ ಪರಿಣಾಮಗಳು. ಗ್ಲಾಕೋಮಾ ಇರುವವರು ಅದನ್ನು ಮುಟ್ಟಬಾರದು. ಯಾವುದನ್ನೇ ಆದರೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಅದರಲ್ಲೂ ಬೇರೆ ಔಷಧಿ ನಡೆಯುತ್ತಿದ್ದರೆ. ಹೊಟ್ಟೆ ತೊಳಸಲು ಶುರುವಾದ ಮೇಲೆ ಮಾತ್ರೆ ನುಂಗಿದರೆ ಉಪಯೋಗ ಕಡಿಮೆ.

ನಿಲ್ಲುವ ಜಾಗವೂ ಔಷಧಿಯೇ. ಮುಂತುದಿಯಲ್ಲಿ ನೋಟ ಚೆನ್ನ, ಎದ್ದುಬೀಳುವುದೂ ಅಲ್ಲೇ ಹೆಚ್ಚು. ನಡುಭಾಗದ ಕೆಳ ಡೆಕ್ಕಿನಲ್ಲಿ ತೂಗಾಟ ಅತಿ ಕಡಿಮೆ. ಹಿಂಭಾಗದಲ್ಲಿ ಚಮ್‌ಗೆ ಬರುವ ಹಕ್ಕಿಗಳು ಹತ್ತಿರದಿಂದ ಸಿಗುತ್ತವೆ, ಜೊತೆಗೆ ಡೀಸೆಲ್ ಹೊಗೆ ಮತ್ತು ಮೀನಿನ ವಾಸನೆಯೂ. ಹೋಗುವಾಗ ನಡುವಿನಲ್ಲಿ ನಿಂತು, ದೋಣಿ ನಿಂತಾಗ ಹಿಂದಕ್ಕೆ ಹೋಗುವುದು ನನಗೆ ಒಗ್ಗಿದ ಕ್ರಮ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆಯ ತಿಂಡಿಯೂ ಬೇಡ.

ಕಣ್ಣಿಗೆ ಯಾವ ಸಲಕರಣೆ

ನೆಲದ ಮೇಲೆ 10x42 ಬೈನಾಕ್ಯುಲರ್ ಎಷ್ಟೇ ಪ್ರಿಯವಾಗಿರಲಿ, ದೋಣಿಗೆ 8x42 ತನ್ನಿ. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಹೆಚ್ಚು ಹಿಗ್ಗಿಸುವ ಗಾಜು ಕೈ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ, ನೋಟದ ಅಗಲವೂ ಕಿರಿದು. ಇನ್ನೊಂದು ಲಾಭ ಕಣ್ಣಿಗೆ ಬರುವ ಬೆಳಕಿನ ವೃತ್ತದ್ದು: 42ನ್ನು 8ರಿಂದ ಭಾಗಿಸಿದರೆ 5.25 ಮಿಲಿಮೀಟರ್, 10ರಿಂದ ಭಾಗಿಸಿದರೆ 4.2. ವೃತ್ತ ದೊಡ್ಡದಾದಷ್ಟೂ ದೋಣಿ ಓಲಾಡುವಾಗ ದೃಶ್ಯ ತಪ್ಪಿಹೋಗುವುದು ಕಡಿಮೆ. ನಾವಿಕರ 7x50ರಲ್ಲಿ ಈ ವೃತ್ತ 7 ಮಿಲಿಮೀಟರ್ ದಾಟುತ್ತದೆ. ಅದು ಭಾರ, ಆದರೆ ಅಲೆಯಿದ್ದಾಗ ಅದರಷ್ಟು ನೆಮ್ಮದಿ ಬೇರೆ ಯಾವುದೂ ಕೊಡದು. ಟ್ರೈಪಾಡ್ ಮೇಲಿನ ಸ್ಪಾಟಿಂಗ್ ಸ್ಕೋಪ್ ದಡದಲ್ಲೇ ಇರಲಿ.

ಕ್ಯಾಮೆರಾ ಇದ್ದರೆ 300ರಿಂದ 400 ಮಿಲಿಮೀಟರ್ ಲೆನ್ಸ್ ಸಾಕು. ಶಟರ್ ವೇಗ ಸೆಕೆಂಡಿನ 2000ನೇ ಒಂದು ಭಾಗದ ಸುತ್ತ ಇರಲಿ. ಹೆಸರು ಹೊಳೆಯದ ಹಕ್ಕಿ ಬಂದಾಗ ಮೊದಲು ಫೋಟೊ ತೆಗೆಯಿರಿ, ಚರ್ಚೆ ಆಮೇಲೆ. ನ್ಯೂಜಿಲೆಂಡ್ ಸ್ಟಾರ್ಮ್ ಪೆಟ್ರೆಲ್‌ನ ಕಥೆ ಇದಕ್ಕೆ ಸಾಕ್ಷಿ. 19ನೇ ಶತಮಾನದಲ್ಲಿ ಸಂಗ್ರಹಿಸಿದ ಮೂರೇ ಮೂರು ಮಾದರಿಗಳಿಂದ ಗೊತ್ತಿದ್ದ ಈ ಹಕ್ಕಿ ಅಳಿದೇಹೋಯಿತೆಂದು ತಿಳಿಯಲಾಗಿತ್ತು. 2003ರಲ್ಲಿ ದೋಣಿಯಿಂದ ಹಕ್ಕಿ ನೋಡುತ್ತಿದ್ದವರು ತೆಗೆದ ಫೋಟೊಗಳಿಂದ ಅದು ಬದುಕಿದೆಯೆಂಬುದು ಲೋಕಕ್ಕೆ ತಿಳಿಯಿತು. 2013ರಲ್ಲಿ ಲಿಟ್ಲ್ ಬ್ಯಾರಿಯರ್ ದ್ವೀಪದಲ್ಲಿ ಅದರ ಗೂಡುಗಳ ನೆಲೆಯೂ ಪತ್ತೆಯಾಯಿತು. ಪ್ರವಾಸಕ್ಕೆ ಹೋದವರ ಕ್ಯಾಮೆರಾ ಒಂದು ಪ್ರಭೇದವನ್ನೇ ಮರಳಿ ಕೊಟ್ಟಿದ್ದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಹಣ ಕೊಡುವ ಮೊದಲು

ಆಯೋಜಕರಿಗೆ ಕೇಳಬೇಕಾದವು ಇಷ್ಟು: ಖಂಡಾವರಣದ ಅಂಚು ದಾಟುತ್ತೀರಾ, ಅಲ್ಲಿ ಎಷ್ಟು ಹೊತ್ತು? ಹಕ್ಕಿ ಬಲ್ಲ ಮಾರ್ಗದರ್ಶಕರು ಎಷ್ಟು ಮಂದಿ? ಕಂಬಿಯ ಬಳಿ ಎಲ್ಲರಿಗೂ ಜಾಗ ಸಿಗುವಷ್ಟೇ ಜನರನ್ನು ಹತ್ತಿಸುತ್ತೀರಾ? ಚಮ್ ಇದೆಯೇ? ಹವಾಮಾನ ಕೆಟ್ಟು ರದ್ದಾದರೆ ಹಣ ವಾಪಸೋ, ಬೇರೆ ದಿನವೋ? ಈ ಕೊನೆಯ ಪ್ರಶ್ನೆಯನ್ನು ಯಾರೂ ಮರೆಯಬಾರದು. ಆಳಗಡಲ ಪ್ರವಾಸಗಳು ರದ್ದಾಗುವುದು ಮಾಮೂಲು. ಹೋಗುವುದೋ ಬಿಡುವುದೋ ಎಂಬ ವಿಷಯದಲ್ಲಿ ಕ್ಯಾಪ್ಟನ್ ಮಾತೇ ಕೊನೆ, ಅದರ ಮೇಲೆ ಒತ್ತಡ ಹೇರಕೂಡದು. ದೂರದಿಂದ ಹೋಗುವವರು ಬಂದರಿನ ಊರಿನಲ್ಲಿ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಂಡು, ಪ್ರವಾಸವನ್ನು ಮೊದಲ ದಿನಕ್ಕೇ ಕಾದಿರಿಸಿ. ರದ್ದಾದರೆ ಮರುದಿನ ಇನ್ನೊಂದು ಅವಕಾಶ ಉಳಿದಿರುತ್ತದೆ. ಆ ನಡುವಿನ ದಿನ ಯಾವುದಾದರೂ ಭೂಶಿರದ ತುದಿಯಲ್ಲಿ ಸ್ಕೋಪ್ ಇಟ್ಟು ಕೂರಿ: ದೋಣಿಯನ್ನು ತಡೆದ ಬಿರುಗಾಳಿ ದಡದ ಕಡೆಗೆ ಬೀಸುತ್ತಿದ್ದರೆ ಶಿಯರ್‌ವಾಟರ್, ಸ್ಕುವಾಗಳು ದಡಕ್ಕೆ ಹತ್ತಿರವೇ ಹಾದುಹೋಗುತ್ತವೆ.